ಅರುಂಬಾಕ್ಕಂ, ಮುಂದಿನ ನಿಲ್ದಾಣ

ಕನ್ನಡ ಸಿನಿಮಾ ಬೆಂಗಳೂರಿಗೆ ಬಂದು ನೆಲೆಸುವ ಮೊದಲು ಅದರ ದಿನದ ದುಡಿಮೆ ನಡೆಯುತ್ತಿದ್ದುದು ಮದರಾಸಿನ ಕೋಡಂಬಾಕ್ಕಂ, ವಡಪಳನಿಗಳಲ್ಲಿ. ಎವಿಎಂ, ವಾಹಿನಿ ಎಂದರೆ ಹಳಬರ ಕಣ್ಣು ಈಗಲೂ ಅರಳುತ್ತದೆ. ವಾಹಿನಿ ಸ್ಟುಡಿಯೋ ಇದ್ದ ನೆಲದಲ್ಲಿ ಈಗ ಮಾಲ್ ಎದ್ದಿದೆ. ಇಲ್ಲಿಗೆ ಬರುವ ಕನ್ನಡಿಗರೂ ಬೇರೆ: ಕಂಪನಿ ಕೆಲಸದವರು, ಬ್ಯಾಂಕಿನವರು, ಸ್ವಯಂಸೇವಾ ಸಂಸ್ಥೆಯವರು. ಇಂಥವರಲ್ಲಿ ಯಾರಾದರೂ ಹಗಲು ದುಡಿದು, ರಾತ್ರಿ ಲ್ಯಾಪ್‌ಟಾಪ್ ತೆರೆದು, ಯಾವುದೋ ದೂರದ ವಿಶ್ವವಿದ್ಯಾಲಯದ ‘ಜಾಗತಿಕ ಅಭಿವೃದ್ಧಿ’ ಎಂ.ಎ.ಯನ್ನು ಅರೆಕಾಲಿಕವಾಗಿ ಓದುತ್ತಿದ್ದರೆ, ಅವರ ಪಠ್ಯದಲ್ಲಿ ಸಾಮಾನ್ಯವಾಗಿ ಅಡಿಟಿಪ್ಪಣಿಯಾಗಿ ಮಾತ್ರ ಸಿಗುವ ಒಂದು ಕಥೆ ಅವರ ಮನೆಯ ಪಕ್ಕದಲ್ಲೇ ಇದೆ.

ಮೊದಲು ಈ ಅರೆಕಾಲಿಕ ಓದಿನ ಬಗ್ಗೆ ಎರಡು ಮಾತು. ತರಗತಿಗೆ ಬಾರದವರಿಗೂ ಪದವಿ ಕೊಡುವ ಬಾಗಿಲನ್ನು ಲಂಡನ್ ವಿಶ್ವವಿದ್ಯಾಲಯ ತೆರೆದದ್ದು 1858ರಲ್ಲಿ. ನಮ್ಮಲ್ಲಿ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತು. ಮೈಸೂರು 1969ರಲ್ಲಿ ಅದೇ ದಾರಿ ಹಿಡಿಯಿತು. ಅದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಗುಮಾಸ್ತರು, ಶಾಲಾ ಮೇಷ್ಟರು, ಮದುವೆಯಾಗಿ ಓದು ನಿಂತಿದ್ದ ಹೆಣ್ಣುಮಕ್ಕಳು ಕಂದು ಲಕೋಟೆಯ ಪಾಠಗಳನ್ನು ಓದಿ ಎಂ.ಎ. ಆದರು. ‘ಕರೆಸ್ಪಾಂಡೆನ್ಸಾ?’ ಎಂದು ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಕೆಲಸ ಬಿಡಲಾಗದವನಿಗೆ ಉಳಿದ ದಾರಿ ಅದೊಂದೇ.

‘ಅಭಿವೃದ್ಧಿ’ ಎಂಬ ವಿಷಯಕ್ಕೆ ಅಷ್ಟು ವಯಸ್ಸಾಗಿಲ್ಲ. ವಸಾಹತುಗಳು ಕಳಚಿಕೊಳ್ಳುತ್ತಿದ್ದಾಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ 1958ರಲ್ಲಿ ಸಾಗರದಾಚೆಯ ಆಡಳಿತ ಕಲಿಸುವ ವಿಭಾಗವೊಂದನ್ನು ತೆರೆಯಿತು. ಅದೇ ಬೆಳೆದು, ಹೆಸರು ಬದಲಿಸುತ್ತ, 2016ರಲ್ಲಿ ಜಾಗತಿಕ ಅಭಿವೃದ್ಧಿ ಸಂಸ್ಥೆಯಾಯಿತು. ಚೆನ್ನೈಗೂ ಇದರಲ್ಲಿ ಪಾಲಿದೆ. ಯುನೆಸ್ಕೋದಿಂದ ಮರಳಿದ ಮಾಲ್ಕಂ ಆದಿಶೇಷಯ್ಯ, ಪತ್ನಿ ಎಲಿಜಬೆತ್ ಜೊತೆ 1971ರಲ್ಲಿ ಅಡ್ಯಾರಿನಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆ ಕಟ್ಟಿದರು.

ಪಠ್ಯಪುಸ್ತಕಗಳು ಈ ವಿಷಯದ ಹುಟ್ಟನ್ನು ಹೆಚ್ಚಾಗಿ 1949ರ ಜನವರಿ 20ಕ್ಕೆ ಕಟ್ಟುತ್ತವೆ. ಅಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ‘ಹಿಂದುಳಿದ’ ದೇಶಗಳಿಗೆ ನೆರವು ಘೋಷಿಸಿದರು. ಅದೇ ವರ್ಷ ಇನ್ನೊಂದು ಮಾತೂ ಕೇಳಿಬಂದಿತ್ತು. ಆಡಿದವರು ವಿ.ಕೆ.ಆರ್.ವಿ. ರಾವ್. ಹುಟ್ಟಿದ್ದು 1908ರಲ್ಲಿ ಕಾಂಚೀಪುರದಲ್ಲಿ, ಎಂದರೆ ವಡಪಳನಿಯಿಂದ ಎರಡು ಗಂಟೆಯ ಬಸ್ ದಾರಿ. ಕನ್ನಡಿಗರು ಅವರನ್ನು ಬಳ್ಳಾರಿಯ ಲೋಕಸಭಾ ಸದಸ್ಯರೆಂದೋ, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಕಟ್ಟಿದವರೆಂದೋ ಬಲ್ಲರು. 1949ರಲ್ಲಿ ಅವರು ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದರು. ಬಡ ದೇಶಗಳಿಗೆ ರಸ್ತೆ, ನೀರು, ಶಾಲೆ ಬೇಕು. ಇವು ಬ್ಯಾಂಕಿನ ಬಡ್ಡಿಗೆ ತಕ್ಕ ಲಾಭ ತರುವಂಥವಲ್ಲ. ಆದ್ದರಿಂದ ಸುಲಭ ಶರತ್ತಿನ ಹಣ ಕೊಡುವ ಸಂಸ್ಥೆಯೊಂದು ವಿಶ್ವಸಂಸ್ಥೆಯೊಳಗೇ ಬೇಕು ಎಂದು ರಾವ್ ಪ್ರಸ್ತಾಪಿಸಿದರು.

‘ವಿಶ್ವಸಂಸ್ಥೆಯೊಳಗೇ’ ಎಂಬುದೇ ಇಲ್ಲಿ ಮುಖ್ಯ. ಅಲ್ಲಿನ ಮಹಾಸಭೆಯಲ್ಲಿ ದೇಶಕ್ಕೊಂದು ಮತ. ವಿಶ್ವಬ್ಯಾಂಕಿನಲ್ಲಿ ಹಣ ಹಾಕಿದಷ್ಟು ಮತ.

ಶ್ರೀಮಂತ ದೇಶಗಳು ಒಪ್ಪಲಿಲ್ಲ. ಹತ್ತು ವರ್ಷ ಎಳೆದಾಟ ನಡೆಯಿತು. ನಡುವೆ ಆ ನಿಧಿಗೆ ಇಡಲು ಹೊರಟ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ ‘ಅನ್‌ಫೆಡ್’, ಅಂದರೆ ‘ಉಣಿಸದ್ದು’ ಎಂದಾಗುತ್ತಿತ್ತು; ಮುಜುಗರ ತಪ್ಪಿಸಲು ಮುಂದೆ ‘ವಿಶೇಷ’ ಎಂಬ ಪದ ಸೇರಿಸಿ ‘ಸನ್‌ಫೆಡ್’ ಮಾಡಿದರು. ಹೆಸರು ಬದಲಾದರೂ ಉಣಿಸಲಿಲ್ಲ. ಕೊನೆಗೆ 1960ರಲ್ಲಿ ಹುಟ್ಟಿದ್ದು ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘ, ಐಡಿಎ. ಐವತ್ತು ವರ್ಷದ ಸಾಲ, ಮೊದಲ ಹತ್ತು ವರ್ಷ ಅಸಲು ಕಟ್ಟುವಂತಿಲ್ಲ, ಬಡ್ಡಿಯ ಬದಲು ಶೇ. 0.75ರ ಸೇವಾಶುಲ್ಕ. ರಾವ್ ಕೇಳಿದ್ದ ಸುಲಭ ಶರತ್ತುಗಳೇನೋ ಬಂದವು. ಆದರೆ ಸಂಸ್ಥೆ ವಿಶ್ವಬ್ಯಾಂಕಿನ ಸೂರಿನಡಿ ಹೋಯಿತು. ಸನ್‌ಫೆಡ್‌ನ ಒತ್ತಾಯವನ್ನು ತಣಿಸಲೆಂದೇ ಐಡಿಎ ಬಂತೆಂದು ಬ್ಯಾಂಕಿನ ಆಗಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ನಂತರ ಹೇಳಿದ್ದಾರೆ. ರಾವ್ ಅವರ ಪ್ರಸ್ತಾಪದ ಅರ್ಧ ಗೆದ್ದಿತು, ಸೋತದ್ದು ಹೆಚ್ಚು ಬೆಲೆಯ ಅರ್ಧ ಎಂದು ನನಗನಿಸುತ್ತದೆ.

ಆ ಐಡಿಎ ಹಣ 1977ರಲ್ಲಿ ಮದರಾಸಿಗೆ ಬಂತು. ರಾಜ್ಯದ ಕೊಳೆಗೇರಿ ನಿರ್ಮೂಲನ ಮಂಡಳಿ 1970ರ ದಶಕದ ಆರಂಭದಿಂದ ಬಡವರಿಗೆ ಬಹುಮಹಡಿ ವಸತಿ ಕಟ್ಟುತ್ತಿತ್ತು. ಬ್ಯಾಂಕಿನ ಲೆಕ್ಕದಲ್ಲಿ ಅದು ದುಬಾರಿ. ಕಟ್ಟಿದ ಮನೆ ಬೇಡ; ನಿವೇಶನ, ನೀರು, ಚರಂಡಿ, ರಸ್ತೆ ಕೊಡಿ, ಮನೆಯನ್ನು ಜನ ಕೈಲಾದಂತೆ ಕಟ್ಟಿಕೊಳ್ಳಲಿ ಎಂಬುದು ಅದರ ವಾದ. ಈ ಯೋಜನೆ ಕುದುರುತ್ತಿದ್ದ ಕಾಲದಲ್ಲಿ ತಮಿಳುನಾಡಿನಲ್ಲಿ ಚುನಾಯಿತ ಸರ್ಕಾರವೇ ಇರಲಿಲ್ಲ: 1976ರ ಜನವರಿಯಲ್ಲಿ ಡಿಎಂಕೆ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಯಾರ ಮತಕ್ಕೆ ಎಷ್ಟು ತೂಕ ಎಂಬ 1949ರ ಪ್ರಶ್ನೆ ಇಲ್ಲಿ ಒಂದು ಊರಿನ ಮಟ್ಟಕ್ಕೆ ಇಳಿದಿತ್ತು.

ನಿವೇಶನಗಳಿಗೆ ಆರಿಸಿದ ಜಾಗಗಳು ವಿಲ್ಲಿವಾಕ್ಕಂ, ಕೊಡುಂಗೈಯೂರು, ಮತ್ತು ವಡಪಳನಿಗೆ ಅಂಟಿಕೊಂಡಂತಿರುವ ಅರುಂಬಾಕ್ಕಂ. ಬಡವರಿಗೆ ಸಣ್ಣ ನಿವೇಶನ. ಉಳ್ಳವರಿಗೆ ದೊಡ್ಡ ನಿವೇಶನಗಳನ್ನು ಹೆಚ್ಚಿನ ಬೆಲೆಗೆ ಮಾರಿ ಆ ಹಣದಿಂದ ಸಣ್ಣವರ ಹೊರೆ ಇಳಿಸುವುದು.

ಇಂಥ ಯೋಜನೆಗಳು ಸೋತವೆಂದು 1990ರ ದಶಕದಲ್ಲಿ ಬ್ಯಾಂಕೇ ಕೈಬಿಟ್ಟಿತು. ಆಮೇಲೆ 2018ರಲ್ಲಿ ಅದೇ ಬ್ಯಾಂಕಿನ ಸಂಶೋಧಕರು ಮುಂಬೈ ಮತ್ತು ಚೆನ್ನೈನ ಹಳೆಯ ತಾಣಗಳನ್ನು ಮತ್ತೆ ಹೋಗಿ ನೋಡಿದರು. ಅಲ್ಲಿ ಬೇರೆ ಬೇರೆ ವರಮಾನದವರು ಒಟ್ಟಿಗಿರುವ, ಮನೆಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಬೆಳೆದ, ವಾಸಕ್ಕೆ ಹಿತವಾದ ಬಡಾವಣೆಗಳಿದ್ದವು. ಸೋಲೆಂದು ನಾವು ಬಗೆದದ್ದು ಗೆಲುವಾಗಿತ್ತೇ ಎಂಬ ಅರ್ಥದ ಪ್ರಶ್ನೆಯನ್ನೇ ಅವರು ತಮ್ಮ ವರದಿಗೆ ಶೀರ್ಷಿಕೆ ಮಾಡಿದರು. ಯೋಜನೆಯ ಗಡುವು ಕೆಲವೇ ವರ್ಷದ್ದು. ಮನೆ ಕಟ್ಟುವ ಬಡವನಿಗೆ ಇಪ್ಪತ್ತು ವರ್ಷ ಬೇಕು. ಪದವಿಯನ್ನು ವರ್ಷಗಟ್ಟಲೆ ಎಳೆದುಕೊಂಡು ಮುಗಿಸುವವರಿಗೆ ಈ ಲೆಕ್ಕ ಬೇಗ ಅರ್ಥವಾದೀತು.

ಪೂರ್ಣಾವಧಿಯ ವಿದ್ಯಾರ್ಥಿ ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಕೂತು ಮದರಾಸಿನ ಯೋಜನೆಯ ಬಗ್ಗೆ ವರದಿ ಓದುತ್ತಾನೆ. ವಡಪಳನಿಯ ಅರೆಕಾಲಿಕ ವಿದ್ಯಾರ್ಥಿನಿ ಭಾನುವಾರ ಅಲ್ಲಿಗೇ ಹೋಗಿ, ಯಾರು ನಿವೇಶನ ಉಳಿಸಿಕೊಂಡರು, ಯಾರು ಮಾರಿ ಹೋದರು ಎಂದು ಬಾಗಿಲು ತಟ್ಟಿ ಕೇಳಬಹುದು. ತಮಿಳು ಅಷ್ಟಿಷ್ಟು ಬಂದರೆ ಸಾಕು. ಹೋಗಲು ಮೆಟ್ರೊ ಇದೆ: 2015ರ ಜೂನ್ 29ರಂದು ಶುರುವಾದ ಮೊದಲ ಹಾದಿಯಲ್ಲೇ ವಡಪಳನಿ, ಅರುಂಬಾಕ್ಕಂ ಅಕ್ಕಪಕ್ಕದ ನಿಲ್ದಾಣಗಳು. ಆ ಮೆಟ್ರೊ ಕಟ್ಟಿದ ಹಣದಲ್ಲಿ ದೊಡ್ಡ ಪಾಲು ಜಪಾನಿನ ಅಭಿವೃದ್ಧಿ ಸಾಲ.