ಕಿವಿಗೆ ಸರಿಯಾಗಿ ಕೂತರೇ ಸದ್ದು

ಬಸ್ಸಿನ ಗದ್ದಲದಲ್ಲಿ ಹಾಡು ಕೇಳಿಸದಿದ್ದರೆ ನಾವೆಲ್ಲ ಮಾಡುವುದು ಒಂದೇ, ವಾಲ್ಯೂಮ್ ಏರಿಸುವುದು. ದುಬಾರಿ ಇಯರ್‌ಫೋನ್‌ಗಳ ಚರಿತ್ರೆ ಬೇರೆ ದಾರಿ ತೋರಿಸುತ್ತದೆ.

ಅಮೆರಿಕದ ಮೀಡ್ ಕಿಲ್ಲಿಯನ್ ಕಿವಿ ಕೇಳದವರ ಮೆಷಿನ್‌ಗಳ ಮೇಲೆ ಕೆಲಸ ಮಾಡಿದ ಎಂಜಿನಿಯರ್. 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಕಂಪನಿ ಕಟ್ಟಿದರು. 1991ರಲ್ಲಿ ಬಂದ ಇದರ ಇಆರ್-4ರಲ್ಲಿ ಇದ್ದದ್ದು ಆ ಮೆಷಿನ್‌ಗಳಲ್ಲಿ ಬಳಸುವಂಥದ್ದೇ ಪುಟ್ಟ ಸ್ಪೀಕರ್. ಅದರ ಮೂರು ಸುತ್ತಿನ ರಬ್ಬರ್ ತುದಿ ಕಿವಿಯ ಆಳಕ್ಕೆ ಇಳಿದು ಹೊರಗಿನ ಗದ್ದಲ ತಡೆಯುತ್ತಿತ್ತು. ಸದ್ದು ಸ್ಪಷ್ಟ, ಆದರೆ ಅಷ್ಟು ಆಳ ಎಲ್ಲರಿಗೂ ಹಿತವಾಗದು.

1995ರಲ್ಲಿ ವ್ಯಾನ್ ಹೇಲನ್ ತಂಡದ ಸೌಂಡ್ ಎಂಜಿನಿಯರ್ ಜೆರ್ರಿ ಹಾರ್ವೆ ಇನ್ನೊಂದು ದಾರಿ ಹಿಡಿದರು. ವೇದಿಕೆಯ ಅಬ್ಬರದ ನಡುವೆ ಕೂರುವ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ, ಅವರ ಕಿವಿಯ ಅಚ್ಚಿಗೇ ಹೊಂದುವ ಇಯರ್‌ಫೋನ್ ಮಾಡಿದರು. ಅಲ್ಟಿಮೇಟ್ ಇಯರ್ಸ್ ಹುಟ್ಟಿದ್ದು ಹೀಗೆ.

ಎರಡರ ಗುಟ್ಟೂ ಒಂದೇ. ಸಂದು ಉಳಿದರೆ ಬೇಸ್ ಸೋರಿಹೋಗುತ್ತದೆ, ಗದ್ದಲ ಒಳಗೆ ಬರುತ್ತದೆ. ಆಗ ವಾಲ್ಯೂಮ್ ಏರುತ್ತದೆ, ಕಿವಿ ಹಾಳಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ.

ನಿಮ್ಮದು ಅಗ್ಗದ್ದೇ ಇರಲಿ, ವಾಲ್ಯೂಮ್ ಮುಟ್ಟುವ ಮುಂಚೆ ಡಬ್ಬಿಯಲ್ಲಿರುವ ಬೇರೆ ಅಳತೆಯ ರಬ್ಬರ್ ಹಾಕಿ ನೋಡಿ. ರಸ್ತೆಯಲ್ಲಿ ಮಾತ್ರ ತೆಗೆದಿಡಿ. ಕಿವಿಗೆ ಸರಿಯಾಗಿ ಕೂತದ್ದು ಲಾರಿಯ ಹಾರ್ನನ್ನೂ ತಡೆಯುತ್ತದೆ.