ಆರು ಮಂದಿ ಹೌದೆಂದರು, ಮೂವರು ಅಲ್ಲವೆಂದರು

1897ರ ಸೆಪ್ಟೆಂಬರಿನಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ಬಾಲಗಂಗಾಧರ ತಿಲಕರ ಮೇಲಿನ ರಾಜದ್ರೋಹದ ವಿಚಾರಣೆ ಮುಗಿದಾಗ ಜ್ಯೂರಿಯ ಒಂಬತ್ತು ಮಂದಿಯಲ್ಲಿ ಒಮ್ಮತವಿರಲಿಲ್ಲ. ಆರು ಮಂದಿ ಯುರೋಪಿಯನ್ನರು ತಪ್ಪಿತಸ್ಥ ಎಂದರು, ಮೂವರು ಭಾರತೀಯರು ಅಲ್ಲ ಎಂದರು. ಆರು ಮಂದಿ ಒಂದಾಗಿ ನ್ಯಾಯಾಧೀಶರೂ ಒಪ್ಪಿದರೆ ಸಾಕು ಎಂಬುದು ಇಲ್ಲಿನ ಕಾನೂನು. ಜಸ್ಟಿಸ್ ಸ್ಟ್ರೇಚಿ ಒಪ್ಪಿದರು, ತಿಲಕರಿಗೆ ಹದಿನೆಂಟು ತಿಂಗಳ ಸೆರೆಯಾಯಿತು.

ಆ ಕಾಲದ ಇಂಗ್ಲೆಂಡಿನಲ್ಲಾದರೆ ಜ್ಯೂರಿಯ ಹನ್ನೆರಡು ಮಂದಿಯೂ ಒಂದೇ ಮಾತು ಹೇಳಬೇಕಿತ್ತು. ತನ್ನ ಪ್ರಜೆಗಳಿಗೆ ಕೊಟ್ಟ ಆ ರಕ್ಷಣೆಯನ್ನು ಸಾಮ್ರಾಜ್ಯ ಹಡಗು ಹತ್ತಿಸಲಿಲ್ಲ. 1908ರಲ್ಲಿ ಮತ್ತೆ ಅದೇ ಕಥೆ: ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು, ಏಳಕ್ಕೆ ಎರಡರ ತೀರ್ಪು. ‘ಕೇಸರಿ’ಯ ಮರಾಠಿ ಲೇಖನಗಳು ಜ್ಯೂರಿಯ ಮುಂದೆ ಬಂದದ್ದು ಇಂಗ್ಲಿಷ್ ಅನುವಾದದಲ್ಲಿ. ಅನುವಾದವೇ ತಪ್ಪು ಎಂದು ತಾವೇ ವಾದಿಸಿದ ತಿಲಕರು ದಿನಗಟ್ಟಲೆ ಹೇಳಿದರು. ಜಸ್ಟಿಸ್ ದಾವರ್ ಆರು ವರ್ಷಗಳ ಗಡೀಪಾರು ವಿಧಿಸಿದರು. ತಿಲಕರು ಮಂಡಾಲೆಗೆ ಹೋದರು. (ಹನ್ನೊಂದು ವರ್ಷ ಹಿಂದೆ ತಿಲಕರಿಗಾಗಿ ವಾದಿಸಿದ್ದ ವಕೀಲರೂ ಇದೇ ದಾವರ್.)

ಹಾಗಾದರೆ ಒಮ್ಮತವೇ ಮದ್ದೇ? 1959ರ ಬೊಂಬಾಯಿ ಅಷ್ಟು ಸುಲಭದ ಉತ್ತರ ಕೊಡುವುದಿಲ್ಲ. ‘ಮೈಸೂರು’ ಯುದ್ಧನೌಕೆಯ ಅಧಿಕಾರಿ ಕವಾಸ್ ನಾನಾವತಿ ಪತ್ನಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ. ‘ಬ್ಲಿಟ್ಜ್’ ಪತ್ರಿಕೆ ವಾರವಾರವೂ ಅವನ ಪರ ನಿಂತಿತು. ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಎಂದಿತು. ಒಮ್ಮತದ ನಿಯಮವಿದ್ದಿದ್ದರೆ ಆ ಒಬ್ಬನೇ ಬಿಡುಗಡೆಯನ್ನು ತಡೆಯುತ್ತಿದ್ದ. ಅದಿಲ್ಲದೆಯೂ ತಡೆಯಾಯಿತು: ಸೆಷನ್ಸ್ ನ್ಯಾಯಾಧೀಶ ರತಿಲಾಲ್ ಮೆಹ್ತಾ ತೀರ್ಪನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. 1961ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1964ರಲ್ಲಿ ಕ್ಷಮಾದಾನ ಸಿಕ್ಕಿತು, ಅದು ಬೇರೆ ಮಾತು.

ಅಂದರೆ ಇಲ್ಲಿ ಒಮ್ಮತದ ಜಾಗದಲ್ಲಿ ಕೂತಿದ್ದದ್ದು ನ್ಯಾಯಾಧೀಶರ ಒಪ್ಪಿಗೆ. ತಿಲಕರ ವಿಷಯದಲ್ಲಿ ಅದು ಬಹುಮತಕ್ಕೆ ಮುದ್ರೆಯೊತ್ತಿತು, ನಾನಾವತಿಯ ವಿಷಯದಲ್ಲಿ ಬಹುಮತವನ್ನು ಕೆಡವಿತು. ಒಮ್ಮತದ ನಿಯಮ ಮಾತ್ರ ಮೂವರು ಭಾರತೀಯರನ್ನು ಎಣಿಕೆಯಲ್ಲಿ ಸೋತವರೆಂದು ಬದಿಗಿಡದೆ, ಅವರ ಸಂಶಯವನ್ನು ಉಳಿದವರು ಕೂತು ಕೇಳುವಂತೆ ಮಾಡುತ್ತಿತ್ತು.

ನಾನಾವತಿ ಪ್ರಕರಣವೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಎಂಬ ಜನಪ್ರಿಯ ಮಾತು ಸರಿಯಲ್ಲ. ಆಮೇಲೂ ಕೆಲವು ನಡೆದವು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವಿರಲಿಲ್ಲ. ಇಂಗ್ಲೆಂಡೂ 1967ರಲ್ಲಿ ಹನ್ನೆರಡರಲ್ಲಿ ಹತ್ತು ಮಂದಿ ಸಾಕು ಎಂದಿತು. ಅಮೆರಿಕದ ಸುಪ್ರೀಂ ಕೋರ್ಟ್ 2020ರಲ್ಲಿ, ಗಂಭೀರ ಅಪರಾಧಗಳಿಗೆ ಎಲ್ಲ ರಾಜ್ಯಗಳಲ್ಲೂ ಒಮ್ಮತವೇ ಬೇಕು ಎಂದಿತು. ಮುಂಬಯಿಯಲ್ಲಿ ಜ್ಯೂರಿಯ ನೆರಳು ಇನ್ನೂ ಉಳಿದಿರುವುದು ಪಾರ್ಸಿ ವಿವಾಹ ನ್ಯಾಯಾಲಯದಲ್ಲಿ. ಅಲ್ಲಿ ನ್ಯಾಯಾಧೀಶರ ಜೊತೆ ಸಮುದಾಯದ ಐವರು ಪ್ರತಿನಿಧಿಗಳು ಕೂರುತ್ತಾರೆ, ಸಂಗತಿ ನಿಜವೋ ಸುಳ್ಳೋ ಎಂಬುದು ಬಹುಮತದಿಂದಲೇ ತೀರ್ಮಾನವಾಗುತ್ತದೆ.