ಶೋಧಕದಲ್ಲಿ ಸುಗಂಧ: ಒಂದು ಪ್ರತಿರೂಪಕ ವ್ಯವಹಾರದ ಇತಿಹಾಸ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಕೊನೆಯದಾಗಿ ‘ಪ್ರತಿರೂಪಕ ವ್ಯವಹಾರ’ವನ್ನು ಹೆಸರಿಸಿದ್ದಾರೆ. ಕೃತಕ ಚಿನ್ನ ಮೊದಲಾದವುಗಳಿಂದ ಕೊಳ್ಳುವವರನ್ನು ವಂಚಿಸುವ ವ್ಯಾಪಾರವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ್ದಾರೆ. ಆ ಆಚಾರ್ಯರ ಕಾಲದಲ್ಲಿ ಭರತಖಂಡಕ್ಕೆ ತಂಬಾಕು ಬಂದಿರಲಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಸಿಗರೇಟಿನ ಹೊಗೆಗೆ ತಂಪನ್ನೂ ಪರಿಮಳವನ್ನೂ ಕೂಡಿಸಿದ ಬಗೆಯನ್ನು ಓದಿದಾಗ ಅದಕ್ಕೆ ಇದಕ್ಕಿಂತ ತಕ್ಕ ಹೆಸರು ನನಗೆ ತೋರಲಿಲ್ಲ.

ಒಹಾಯೋ ಪ್ರಾಂತದ ಲಾಯ್ಡ್ ಹ್ಯೂಸ್ ಎಂಬಾತನು 1925ರಲ್ಲಿ ತಂಬಾಕಿಗೆ ಮೆಂಥಾಲ್, ಅಂದರೆ ಪುದೀನಾ ಸತ್ವವನ್ನು, ಸೇರಿಸುವ ವಿಧಾನಕ್ಕೆ ಪೇಟೆಂಟ್ ಪಡೆದನು. ‘ಸ್ಪಡ್’ ಎಂಬ ಹೆಸರಿನ ಆ ಸಿಗರೇಟನ್ನು ಮುಂದೆ ಆಕ್ಸ್‌ಟನ್-ಫಿಷರ್ ಕಂಪನಿಯು ಕೊಂಡು ದೇಶಾದ್ಯಂತ ಮಾರಿತು. 1933ರಲ್ಲಿ ‘ಕೂಲ್’ ಬಂದಿತು. ಗಂಟಲು ಕೆಟ್ಟವರಿಗೂ ನೆಗಡಿಯಾದವರಿಗೂ ಇದು ಹಿತವೆಂಬ ಧಾಟಿಯ ಜಾಹೀರಾತುಗಳು ಅಂದು ಸಾಮಾನ್ಯವಾಗಿದ್ದವು. ಹೊಗೆ ತಾಗಿದೊಡನೆ ಕೆಮ್ಮು ಬರುವುದು ದೇಹವು ತನ್ನನ್ನು ಕಾಪಾಡಿಕೊಳ್ಳುವ ರೀತಿ. ಮೆಂಥಾಲ್ ಹೊಗೆಯನ್ನು ತಂಪುಗೊಳಿಸುವುದಿಲ್ಲ. ಶೀತವನ್ನು ಗುರುತಿಸುವ ನರತುದಿಗಳನ್ನು ಕೆರಳಿಸಿ ತಂಪೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಈ ಕಾರ್ಯ ನಡೆಸುವ ಗ್ರಾಹಕವನ್ನು ವಿಜ್ಞಾನಿಗಳು ಗುರುತಿಸಿದ್ದು 2002ರಲ್ಲಿ. ವ್ಯಾಪಾರಿಗೆ ಅದರ ಫಲವು ಎಪ್ಪತ್ತು ವರ್ಷ ಮೊದಲೇ ತಿಳಿದಿತ್ತು.

ಶೋಧಕ, ಅಂದರೆ ಫಿಲ್ಟರ್, ಮುನ್ನೆಲೆಗೆ ಬಂದದ್ದು ಭಯದಿಂದ. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್, ಅಮೆರಿಕದ ವೈಂಡರ್ ಮತ್ತು ಗ್ರಹಾಂ ಇವರ ಅಧ್ಯಯನಗಳು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟವು. ಹೆದರಿದ ಗಿರಾಕಿಗೆ ಕಂಪನಿಗಳು ಕೊಟ್ಟ ಅಭಯವೇ ಈ ಬಿಳಿಯ ತುದಿ. 1952ರಲ್ಲಿ ಆರೋಗ್ಯರಕ್ಷಣೆಯ ಮಾತಿನೊಂದಿಗೆ ಹೊರಬಂದ ‘ಕೆಂಟ್’ ಸಿಗರೇಟಿನ ಶೋಧಕದಲ್ಲಿ 1956ರವರೆಗೆ ಇದ್ದದ್ದು ಕಲ್ನಾರು! ಅದೂ ಆ ಜಾತಿಯಲ್ಲಿ ಅತ್ಯಂತ ಅಪಾಯಕಾರಿಯೆನಿಸಿದ ನೀಲಿ ಕಲ್ನಾರು. 1953ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿಯ ರಸಾಯನಶಾಸ್ತ್ರಜ್ಞ ಕ್ಲಾಡ್ ಟೀಗ್ ಎಂಬಾತನು ಹೊಗೆ ತಾಗಿದಾಗ ಬಣ್ಣ ಬದಲಿಸುವ ಪದಾರ್ಥವನ್ನು ಶೋಧಕದಲ್ಲಿ ಸೇರಿಸುವ ಉಪಾಯವನ್ನು ಬರೆದಿಟ್ಟನು. ಶೋಧನೆ ಹೆಚ್ಚದಿದ್ದರೂ ಕಂದಿದ ತುದಿಯನ್ನು ಕಂಡು ಸೇದುವವನು ವಿಷವೆಲ್ಲ ಅಲ್ಲಿಯೇ ನಿಂತಿತೆಂದು ನಂಬಬೇಕು, ಅಷ್ಟೇ. ಪೂಜ್ಯಪಾದರ ಕೃತಕ ಚಿನ್ನಕ್ಕೆ ಇದಕ್ಕಿಂತ ಹತ್ತಿರದ ಆಧುನಿಕ ನಿದರ್ಶನ ಸಿಗುವುದು ಕಷ್ಟ.

ಶೋಧಕವು ಹೊಗೆಯ ರುಚಿಯನ್ನು ಸಪ್ಪೆಯಾಗಿಸುತ್ತದೆ. ಕಳೆದ ರುಚಿಯನ್ನು ಮರಳಿ ತುಂಬುವುದು ಕಾರ್ಖಾನೆಯ ಮುಂದಿನ ಕೆಲಸವಾಯಿತು. 1956ರಲ್ಲಿ ಶೋಧಕವನ್ನೂ ಮೆಂಥಾಲನ್ನೂ ಕೂಡಿಸಿದ ‘ಸೇಲಂ’ ಮಾರುಕಟ್ಟೆಗೆ ಬಂದಿತು. ಪರಿಮಳದ್ರವ್ಯವನ್ನು ತಂಬಾಕಿನ ಎಲೆಗೆ ಸಿಂಪಡಿಸುವುದು ಹಳೆಯ ಕ್ರಮ. ಆ ಎಲೆ ಉರಿಯುವಾಗ ಪರಿಮಳವೂ ಒಂದಷ್ಟು ಉರಿದುಹೋಗುತ್ತದೆ; ಶೋಧಕದಲ್ಲಿ ಇಟ್ಟದ್ದು ಉರಿಯದೆ ನೇರವಾಗಿ ಬಾಯಿಗೆ ಬರುತ್ತದೆ. ಆದಕಾರಣ ಶೋಧಕದ ಸೆಲ್ಯುಲೋಸ್ ಅಸಿಟೇಟ್ ಎಳೆಗಳ ಮೇಲೆ ದ್ರವ್ಯವನ್ನು ಲೇಪಿಸುವುದು, ಅದರ ನಡುವೆ ದ್ರವ್ಯದಲ್ಲಿ ನೆನೆಸಿದ ನೂಲನ್ನು ಹಾಯಿಸುವುದು ಮೊದಲಾದ ಉಪಾಯಗಳು ಹುಟ್ಟಿಕೊಂಡವು. ಮೆಂಥಾಲ್ ಬೇಗನೆ ಆವಿಯಾಗುವ ವಸ್ತುವಾದ್ದರಿಂದ ಪೊಟ್ಟಣದ ಒಳಗಿನ ತಗಡಿಗೆ ಹಚ್ಚಿದರೂ ಸಾಕು, ಕೆಲವೇ ದಿನಗಳಲ್ಲಿ ಸಿಗರೇಟಿನ ಎಲ್ಲ ಭಾಗಕ್ಕೂ ಹಬ್ಬುತ್ತದೆ. ಈಗಿನ ಶತಮಾನದಲ್ಲಿ ಬೆರಳಿನಿಂದ ಒತ್ತಿ ಒಡೆಯುವ ಪುಟ್ಟ ಗುಳಿಗೆಯನ್ನು ಶೋಧಕದೊಳಗೆ ಅಡಗಿಸಿಡುವ ಕ್ರಮ ಬಂದಿದೆ. ಆ ಗುಳಿಗೆಯ ಕವಚಕ್ಕೆ ಕಡಲಪಾಚಿಯ ಅಂಟನ್ನೂ, ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಜಿಲಾಟಿನನ್ನೂ ಪೇಟೆಂಟ್ ದಾಖಲೆಗಳು ಸೂಚಿಸುತ್ತವೆ.

ಈ ದ್ರವ್ಯಗಳು ಯಾವುವು? ಬಹುಕಾಲ ಅದು ವ್ಯಾಪಾರದ ಗುಟ್ಟಾಗಿತ್ತು. 1994ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳು 599 ಸೇರ್ಪಡೆಗಳ ಪಟ್ಟಿಯನ್ನು ಬಹಿರಂಗಪಡಿಸಿದವು. ಅದರಲ್ಲಿ ಕೋಕೋ, ಏಲಕ್ಕಿಗಳ ಜೊತೆಗೆ ಜೇನು ಇದೆ, ಪುನುಗು ಇದೆ, ಬೀವರ್ ಎಂಬ ಜಲಚರ ಪ್ರಾಣಿಯ ಗ್ರಂಥಿಯಿಂದ ತೆಗೆದ ಕ್ಯಾಸ್ಟೋರಿಯಂ ಕೂಡ ಇದೆ. ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಮೂಲಗುಣವೆಂದು ಎಣಿಸುವ ಶ್ರಾವಕನು ಧೂಮಪಾನವನ್ನು ಕೇವಲ ಆರೋಗ್ಯದ ಪ್ರಶ್ನೆಯಾಗಿ ನೋಡುವುದು ಏಕೆ ಸಾಲದೆಂಬುದು ಇದರಿಂದ ತಿಳಿಯುತ್ತದೆ.

ಕಾನೂನುಗಳು ತಡವಾಗಿ ಬಂದವು. ಅಮೆರಿಕವು 2009ರಲ್ಲಿ ಇತರ ಪರಿಮಳಗಳ ಸಿಗರೇಟನ್ನು ನಿಷೇಧಿಸಿ ಮೆಂಥಾಲನ್ನು ಮಾತ್ರ ಬಿಟ್ಟಿತು. ಅಲ್ಲಿಯ ಧೂಮಪಾನಿ ಕಪ್ಪುಜನರಲ್ಲಿ ನೂರಕ್ಕೆ ಎಂಬತ್ತರಷ್ಟು ಮಂದಿ ಸೇದುವುದು ಇದನ್ನೇ; ದಶಕಗಳ ಕಾಲ ಅವರ ಕೇರಿಗಳನ್ನೂ ಪತ್ರಿಕೆಗಳನ್ನೂ ಗುರಿಯಾಗಿಸಿ ನಡೆದ ಪ್ರಚಾರದ ಫಲವದು. ಅದನ್ನೂ ನಿಲ್ಲಿಸಲು 2022ರಲ್ಲಿ ಮಂಡಿಸಿದ ಕರಡು ನಿಯಮವನ್ನು 2025ರ ಜನವರಿಯಲ್ಲಿ ಹಿಂದಕ್ಕೆ ಪಡೆಯಲಾಯಿತು. ಯುರೋಪಿನ ಒಕ್ಕೂಟವು ಶೋಧಕದಲ್ಲಿ ಪರಿಮಳವನ್ನೂ ಗುಳಿಗೆಯನ್ನೂ ಇಡುವುದನ್ನೇ ನಿಷೇಧಿಸಿತು. 2020ರ ಮೇ ತಿಂಗಳಿನಿಂದ ಅಲ್ಲಿ ಮೆಂಥಾಲ್ ಸಿಗರೇಟೂ ಇಲ್ಲ. ನಮ್ಮ ದೇಶದ 2003ರ ತಂಬಾಕು ಕಾಯಿದೆಯು ಜಾಹೀರಾತು, ಸಾರ್ವಜನಿಕ ಧೂಮಪಾನ, ಎಚ್ಚರಿಕೆಯ ಚಿತ್ರಗಳ ವಿಚಾರ ಹೇಳುತ್ತದೆಯೇ ಹೊರತು ಸಿಗರೇಟಿನ ಪರಿಮಳವನ್ನು ನಿಷೇಧಿಸಿಲ್ಲ.

ಇದು ನಮ್ಮ ಸಮಾಜಕ್ಕೆ ದೂರದ ಸಂಗತಿಯಲ್ಲ. ಜಗತ್ತಿನಲ್ಲಿ ನೈಸರ್ಗಿಕ ಮೆಂಥಾಲನ್ನು ಅತಿ ಹೆಚ್ಚು ಉತ್ಪಾದಿಸುವ ದೇಶ ಭಾರತ. ಅದರ ಪುದೀನಾ ಬೆಳೆಯುವುದು ಹೆಚ್ಚಾಗಿ ಉತ್ತರಪ್ರದೇಶದ ಬಾರಾಬಂಕಿ ಮೊದಲಾದ ಜಿಲ್ಲೆಗಳಲ್ಲಿ. ಅದು ಹಲ್ಲುಪುಡಿಗೂ ಔಷಧಕ್ಕೂ ಹೋಗುತ್ತದೆ, ಸಿಗರೇಟಿಗೂ ಹೋಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಕೊಡಲಿ, ಖಡ್ಗ, ಬೆಂಕಿ, ವಿಷ ಮೊದಲಾದ ಕೊಲ್ಲುವ ಸಾಧನಗಳನ್ನು ಇನ್ನೊಬ್ಬರಿಗೆ ಒದಗಿಸುವುದನ್ನು ‘ಹಿಂಸಾದಾನ’ವೆಂದು ಕರೆದು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಾಗಿಲುಗಳಿಂದಲೂ ಪಾಪ ಒಳಬರುತ್ತದೆಂದು ನಾವು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಹೊಲದ ರೈತನಿಗೆ ತನ್ನ ಪುದೀನಾ ಎಲ್ಲಿ ಸೇರುವುದೆಂಬ ಅರಿವು ಇರಲಾರದು. ಅವನನ್ನು ದೂರುವುದು ಅನ್ಯಾಯ. ಆದರೆ ಸಿಗರೇಟಿನ ಕಾರ್ಖಾನೆಗೆ ನೇರವಾಗಿ ಪರಿಮಳದ್ರವ್ಯ ಪೂರೈಸುವ ವ್ಯಾಪಾರಿಯ ಮಾತು ಬೇರೆ. ಅಂಥವರ ಕಾಣಿಕೆಯು ಬಸದಿಯ ಜೀರ್ಣೋದ್ಧಾರ ನಿಧಿಗೆ ಬಂದಾಗ ವಿಶ್ವಸ್ತ ಮಂಡಳಿಯವರು ಕೇಳಬೇಕಾದ ಪ್ರಶ್ನೆಯೊಂದಿದೆ, ಅದನ್ನು ಕೇಳಲು ಸಂಕೋಚವಿದೆ ಎಂಬುದೂ ನಿಜ. ಕೇಳಿದರೆ ಉತ್ತರ ಸಿಗದೆ ಇರದು. ಸರಕು ಯಾವ ಕಾರ್ಖಾನೆಗೆ ಹೋಯಿತೆಂಬುದು ಅವರ ಬಿಲ್ಲಿನಲ್ಲಿಯೇ ಬರೆದಿರುತ್ತದೆ.